ಡೆಕ್ಕನ್ ಹೆರಾಲ್ಡ್ ಈಗಲೂ ಮನೆಗೆ ಹಾಕಿಸಬೇಕೆ?

ಮೊದಲು ತೀರ್ಪು, ಕಾರಣ ಆಮೇಲೆ. ಬೆಂಗಳೂರಿನಲ್ಲಿ ಸ್ವಂತ ಮನೆಯೋ ಸೈಟೋ ಇದ್ದವರು, ಖಾತೆ, ಕಂದಾಯ, ನೀರು, ಕಸ, ಮಕ್ಕಳ ಶಾಲೆ ಎಂದು ದಿನಾ ಊರಿನ ವ್ಯವಹಾರದಲ್ಲಿ ಓಡಾಡುವವರು ಡೆಕ್ಕನ್ ಹೆರಾಲ್ಡ್ ಹಾಕಿಸಿದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನಿನ್ನೆ ರಾತ್ರಿ ದೆಹಲಿಯಲ್ಲಿ ಏನಾಯಿತು, ಮ್ಯಾಚ್ ಯಾರು ಗೆದ್ದರು ಎಂದು ತಿಳಿಯುವುದಕ್ಕೆ ಮಾತ್ರ ಪೇಪರ್ ಬೇಕು ಅನ್ನುವವರಿಗೆ ಇದಾಗಲಿ, ಇನ್ನೊಂದಾಗಲಿ ಬೇಡ. ಆ ಕೆಲಸವನ್ನು ಫೋನು ರಾತ್ರಿಯೇ ಮುಗಿಸಿರುತ್ತದೆ. ಒಂದು ಕಾಲಕ್ಕೆ ಈ ಊರಿನಲ್ಲಿ ಇಂಗ್ಲಿಷ್ ಪೇಪರ್ ಎಂದರೆ ಹೆರಾಲ್ಡ್ ಎಂದೇ ಅರ್ಥವಿತ್ತು. ಆ ಸ್ಥಾನ ಹೋಗಿ ಎರಡು ದಶಕ ದಾಟಿದೆ. ಸ್ಥಾನ ಹೋದದ್ದು ಬರವಣಿಗೆ ಕೆಟ್ಟದ್ದರಿಂದಲ್ಲ, ಬೆಲೆಯ ಲೆಕ್ಕದಿಂದ. ಆ ಲೆಕ್ಕ ತಿಳಿದರೆ ಇವತ್ತು ಕೈಗೆ ಬರುವ ಪ್ರತಿಯಲ್ಲಿ ಏನಿದೆ, ಏನಿಲ್ಲ, ಯಾಕಿಲ್ಲ ಎಂಬುದು ಅರ್ಥವಾಗುತ್ತದೆ.

ವರ್ಷದ ಚಂದಾ ಕಟ್ಟುವ ಮುಂಚೆ ಏಳು ದಿನ ಅಂಗಡಿಯಲ್ಲಿ ಬಿಡಿಯಾಗಿ ಕೊಂಡು ನೋಡಿ. ಸೋಮವಾರದಿಂದ ಭಾನುವಾರದವರೆಗೆ ಒಂದು ದಿನವೂ ತಪ್ಪಿಸಬೇಡಿ, ಯಾಕೆಂದರೆ ವಾರದ ನಡುವಿನ ಪೇಪರೇ ಬೇರೆ, ವಾರಾಂತ್ಯದ ಪೇಪರೇ ಬೇರೆ. ಪೆನ್ನು ಹಿಡಿದು ಮೂರು ಲೆಕ್ಕ ಹಾಕಿ. ಮೊದಲನೆಯದು ಪುಟಗಳದು: ಒಟ್ಟು ಪುಟಗಳಿಂದ ಇಡೀ ಪುಟದ ಜಾಹೀರಾತುಗಳನ್ನು ಕಳೆಯಿರಿ. ಮುಖಪುಟದ ಮೇಲೆ ಹೊದಿಸುವ ಜಾಹೀರಾತಿನ ಹಾಳೆ ಇದ್ದರೆ ಅದನ್ನೂ ಕಳೆಯಿರಿ. ಪೂರ್ತಿ ಹಾಳೆಯಾದರೆ ಅಲ್ಲಿಗೇ ನಾಲ್ಕು ಪುಟ ಹೋಯಿತು. ಎರಡನೆಯದು ವರದಿಯ ನೆತ್ತಿಯ ಮೇಲಿನ ಹೆಸರು. ವರದಿಗಾರರ ಹೆಸರೋ, ಡಿಎಚ್‌ಎನ್‌ಎಸ್ ಎಂಬ ಅಕ್ಷರಗಳೋ ಇದ್ದರೆ ಅದು ಪತ್ರಿಕೆಯ ಸ್ವಂತ ವರದಿ. ಪಿಟಿಐ, ರಾಯಿಟರ್ಸ್, ಎಎಫ್‌ಪಿ ಎಂದಿದ್ದರೆ ಸುದ್ದಿಸಂಸ್ಥೆಯಿಂದ ಕೊಂಡದ್ದು, ಊರಿನ ಬೇರೆ ಪೇಪರುಗಳಲ್ಲೂ ಅದೇ ಇರುತ್ತದೆ. ಮೂರನೆಯದು, ನಗರ ಮತ್ತು ರಾಜ್ಯದ ಪುಟಗಳಲ್ಲಿ ನೀವು ಬೇರೆಲ್ಲೂ ನೋಡದೇ ಇದ್ದ ಸುದ್ದಿ ಎಷ್ಟು ಎಂಬುದು. ದಿನಕ್ಕೆ ಸರಾಸರಿ ನಾಲ್ಕು ಸಿಕ್ಕರೆ ಹಾಕಿಸಿ. ಎರಡಕ್ಕಿಂತ ಕಡಿಮೆಯಾದರೆ ಶನಿವಾರ, ಭಾನುವಾರ ಮಾತ್ರ ಸಾಕು. ಈ ಅಳತೆ ಯಾವ ಪೇಪರಿಗೂ ಹೊಂದುತ್ತದೆ.

ಇನ್ನೊಂದು ಪರೀಕ್ಷೆ ಭಾಷೆಯದು. ಊರು ಗೊತ್ತಿರುವ ಇಂಗ್ಲಿಷ್ ಪೇಪರು ರಾಜಕಾಲುವೆಯನ್ನು ರಾಜಕಾಲುವೆ ಎಂದೇ ಬರೆಯುತ್ತದೆ. ಬಗರ್ ಹುಕುಂ, ಅಕ್ರಮ ಸಕ್ರಮ, ಪೋಡಿ, ಪಹಣಿ, ಎ ಖಾತಾ, ಬಿ ಖಾತಾ, ಪೌರಕಾರ್ಮಿಕ ಇವೆಲ್ಲ ಇಂಗ್ಲಿಷ್ ವಾಕ್ಯದ ಒಳಗೆ ಸಲೀಸಾಗಿ ಕೂತಿರುತ್ತವೆ. ಹೊರಗಿನಿಂದ ಬಂದ ಪೇಪರು ಅದನ್ನೇ ಬರೀ ಮೋರಿ, ಬರೀ ಭೂದಾಖಲೆ ಎಂದು ತೇಲಿಸಿ ಬರೆದಾಗ ವಿಷಯವೇ ಕೈತಪ್ಪುತ್ತದೆ. ರಾಜಕಾಲುವೆಗೆ ಕಂದಾಯ ನಕ್ಷೆಯಲ್ಲಿ ಗೆರೆ ಇದೆ, ಅಕ್ಕಪಕ್ಕ ಕಟ್ಟಡ ಕಟ್ಟದಂತೆ ಬಿಡಬೇಕಾದ ಜಾಗವಿದೆ. ಮೋರಿಗೆ ಅದೇನೂ ಇಲ್ಲ. ಹೆರಾಲ್ಡಿನ ಬಲ ಇವತ್ತಿಗೂ ಇದೇ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳಾದವು. ಇಂಥ ಬದಲಾವಣೆಯ ಹೊತ್ತಿನಲ್ಲಿ ನಮ್ಮ ವಾರ್ಡು ಯಾವ ಪಾಲಿಕೆಗೆ, ದೂರು ಯಾರಿಗೆ ಎಂದು ತಿಳಿಯುವುದಕ್ಕೆ ಅರ್ಧ ನಿಮಿಷದ ವಿಡಿಯೊಗಿಂತ ಅರ್ಧ ಪುಟದ ನಕ್ಷೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ಬಲ ಎಲ್ಲಿಂದ ಬಂತು ಎಂದರೆ 1948ಕ್ಕೆ ಹೋಗಬೇಕು. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದು ಎಂಟು ತಿಂಗಳಾಗಿತ್ತು. ಸೌತ್ ಪರೇಡ್ ಆಗತಾನೆ ಮಹಾತ್ಮ ಗಾಂಧಿ ರಸ್ತೆಯಾಗಿತ್ತು. ಅಬಕಾರಿ ವ್ಯಾಪಾರದಲ್ಲಿದ್ದ ಕೆ.ಎನ್. ಗುರುಸ್ವಾಮಿಯವರು ಆ ರಸ್ತೆಯಲ್ಲಿದ್ದ ಫನಲ್ಸ್ ಎಂಬ ಬಾರ್ ಮತ್ತು ರೆಸ್ಟೋರೆಂಟಿನ ಜಾಗವನ್ನು ಕೊಂಡು ಅಲ್ಲಿ ಪತ್ರಿಕಾ ಕಚೇರಿ ಮಾಡಿದರು. ಜೂನ್ 17ರಂದು ಡೆಕ್ಕನ್ ಹೆರಾಲ್ಡ್ ಹೊರಬಂತು, ಅಕ್ಟೋಬರ್ 15ರಂದು ಪ್ರಜಾವಾಣಿ. ಹೆರಾಲ್ಡಿನ ಮೊದಲ ಸಂಪಾದಕರು ಪೋತನ್ ಜೋಸೆಫ್. ದೇಶದ ಹಲವು ಪತ್ರಿಕೆಗಳನ್ನು ಕಟ್ಟಿ ಬಂದಿದ್ದ ಅವರ ಅಂಕಣ ಓದುವುದಕ್ಕೆಂದೇ ಪೇಪರ್ ಕೊಳ್ಳುವವರಿದ್ದರು. ಮೈಸೂರಿನ ಟಿ.ಎಸ್. ಸತ್ಯನ್ ಛಾಯಾಚಿತ್ರ ಪತ್ರಿಕೋದ್ಯಮಕ್ಕೆ ಕಾಲಿಟ್ಟದ್ದೂ ಇಲ್ಲಿಂದಲೇ. ಮುಂದೆ ಬಿ.ವಿ. ರಾಮಮೂರ್ತಿಯವರ ವ್ಯಂಗ್ಯಚಿತ್ರದ ಪೇಟ ತೊಟ್ಟ ಮಿಸ್ಟರ್ ಸಿಟಿಜನ್ ಊರಿನ ಮನೆಮನೆಗೂ ಪರಿಚಯವಾದ.

ಪೇಪರ್ ಬೆಳೆದದ್ದಕ್ಕೆ ಊರಿನ ಬೆಳವಣಿಗೆಯೇ ಕಾರಣ. 1940ರ ಎಚ್‌ಎಎಲ್, 1948ರ ಐಟಿಐ, 1953ರ ಎಚ್‌ಎಂಟಿ, 1954ರ ಬಿಇಎಲ್ ಎಂದು ಸಾಲುಸಾಲಾಗಿ ಕಾರ್ಖಾನೆಗಳು ಬಂದವು. ಕನ್ನಡ, ತಮಿಳು, ತೆಲುಗು, ಮಲಯಾಳ ಮಾತಾಡುವವರು ಒಂದೇ ಟೌನ್‌ಶಿಪ್ಪಿನಲ್ಲಿ ನೆಲೆಸಿದರು. ಎಲ್ಲರೂ ಓದಬಲ್ಲ ಒಂದು ಪೇಪರ್ ಬೇಕಿತ್ತು, ನೇಮಕಾತಿ ಜಾಹೀರಾತು ಹಾಕುವುದಕ್ಕೆ ಕಾರ್ಖಾನೆಗಳಿಗೂ ಒಂದು ಪೇಪರ್ ಬೇಕಿತ್ತು. ಮದ್ರಾಸಿನಿಂದ ಬರುತ್ತಿದ್ದ ಪತ್ರಿಕೆಗಳಿಗೆ ಬೆಂಗಳೂರು ದೂರದ ಊರು. ಹೆರಾಲ್ಡಿಗೆ ಇದೇ ಮನೆ. ಒಂದೇ ಸೂರಿನಡಿ ಕನ್ನಡ ದಿನಪತ್ರಿಕೆಯೂ ಇದ್ದುದರಿಂದ ರಾಯಚೂರಿನ ಬರವೋ ಕೊಡಗಿನ ಮಳೆಯೋ ಇಂಗ್ಲಿಷ್ ಓದುಗನಿಗೂ ದೂರದ ಸುದ್ದಿ ಅನ್ನಿಸುತ್ತಿರಲಿಲ್ಲ. ದಿ ಹಿಂದೂ 1970ರಲ್ಲಿ ಬೆಂಗಳೂರಿನಲ್ಲೇ ಮುದ್ರಣ ಶುರುಮಾಡಿದಾಗಲೂ, 1984ರಲ್ಲಿ ಟೈಮ್ಸ್ ಆಫ್ ಇಂಡಿಯಾ ಬಂದಾಗಲೂ ಮೊದಲ ಸ್ಥಾನ ಅಲುಗಲಿಲ್ಲ.

ಅಲುಗಿಸಿದ್ದು ಬೆಲೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಪೇಪರಿನ ಪುಟ ಯಾಕೆ ತೆಳ್ಳಗಾಯಿತು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇಷ್ಟು ಪುಟಕ್ಕೆ ಕನಿಷ್ಠ ಇಷ್ಟು ಬೆಲೆ ಎಂದು ಸರ್ಕಾರವೇ ಕಟ್ಟುಮಾಡುವ ಕಾಯ್ದೆಯೊಂದು 1956ರಲ್ಲಿ ಬಂದಿತ್ತು. ಪುಣೆಯ ಸಕಾಳ್ ಪತ್ರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು 1961ರಲ್ಲಿ ರದ್ದು ಮಾಡಿತು. ಹತ್ತು ಪುಟದ ಮಿತಿ ಹೇರಿದ್ದ ಸರ್ಕಾರದ ಕಾಗದ ನೀತಿಯೂ 1972ರಲ್ಲಿ, ಟೈಮ್ಸ್ ಆಫ್ ಇಂಡಿಯಾದ ಒಡೆತನದ ಬೆನೆಟ್ ಕೋಲ್ಮನ್ ಕಂಪನಿಯ ಮೊಕದ್ದಮೆಯ ತೀರ್ಪಿನಲ್ಲಿ ಬಿದ್ದುಹೋಯಿತು. ಪತ್ರಿಕಾ ಸ್ವಾತಂತ್ರ್ಯಕ್ಕೆ ಎರಡೂ ಬೇಕಾದ ತೀರ್ಪುಗಳೇ. ಆದರೆ ದುಡ್ಡಿರುವ ಪತ್ರಿಕೆ ಹೆಚ್ಚು ಪುಟವನ್ನು ಕಡಿಮೆ ಬೆಲೆಗೆ ಕೊಟ್ಟು ಎದುರಾಳಿಯನ್ನು ದಣಿಸುವ ದಾರಿಯೂ ಅಲ್ಲಿಂದಲೇ ತೆರೆಯಿತು. 1994ರಲ್ಲಿ ಟೈಮ್ಸ್ ದೆಹಲಿಯಲ್ಲಿ ಬೆಲೆಯನ್ನು ಒಂದೂವರೆ ರೂಪಾಯಿಗೆ ಇಳಿಸಿತು. ಅದೇ ಪಟ್ಟು ಬೆಂಗಳೂರಿಗೂ ಬಂತು. ಜೊತೆಗೆ ಬಣ್ಣದ ಪುರವಣಿ ಬಂತು. ಸಾಫ್ಟ್‌ವೇರ್ ಕೆಲಸಕ್ಕೆಂದು ಊರಿಗೆ ಬಂದ ಹೊಸಬರಿಗೆ ಪೋತನ್ ಜೋಸೆಫರ ನೆನಪಾಗಲಿ, ಮಿಸ್ಟರ್ ಸಿಟಿಜನ್ನನ ಪರಿಚಯವಾಗಲಿ ಇರಲಿಲ್ಲ. ಶತಮಾನ ಮಗ್ಗುಲು ಬದಲಿಸುವ ಹೊತ್ತಿಗೆ ಮೊದಲ ಸ್ಥಾನ ಟೈಮ್ಸಿನ ಪಾಲಾಗಿತ್ತು.

ಈಗ ಕಾಗದದ ಲೆಕ್ಕ. ಪೇಪರಿನ ಒಂದು ಹಾಳೆಯನ್ನು ಬಿಚ್ಚಿ ನೆಲಕ್ಕೆ ಹಾಸಿ. ಅಗಲ ಸುಮಾರು 66 ಸೆಂ.ಮೀ., ಎತ್ತರ ಸುಮಾರು 55. ಹಿಂದೆ ಮುಂದೆ ಸೇರಿ ನಾಲ್ಕು ಪುಟ. ಚದರ ಮೀಟರಿಗೆ 45 ಗ್ರಾಂ ತೂಗುವ ಕಾಗದವಾದರೆ ಒಂದು ಹಾಳೆ 16 ಗ್ರಾಂ ಚಿಲ್ಲರೆ. 20 ಪುಟದ ಪೇಪರು ಐದು ಹಾಳೆ, ಹತ್ತಿರ ಹತ್ತಿರ 82 ಗ್ರಾಂ. ಕಾಗದದ ಬೆಲೆ ಕಿಲೋಗೆ 50 ರೂಪಾಯಿ ಎಂದು ಹಿಡಿದರೆ ಬರೀ ಕಾಗದಕ್ಕೇ 4 ರೂಪಾಯಿ 10 ಪೈಸೆ. ಮುಖಬೆಲೆ 6 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಏಜೆಂಟರು ಮತ್ತು ಹಂಚುವವರ ಕಮಿಷನ್ನಿಗೆ ಹೋಗುತ್ತದೆ. ಉಳಿದದ್ದು ಕಾಗದಕ್ಕೇ ಸರಿಹೋಯಿತು. ಮಸಿ, ಪ್ಲೇಟು, ಕರೆಂಟು, ಲಾರಿ, ವರದಿಗಾರರ ಸಂಬಳ ಎಲ್ಲವೂ ಜಾಹೀರಾತಿನ ಹೆಗಲಿಗೆ. ಅದೇ ಜಾಹೀರಾತು ಕೈಬಿಡತೊಡಗಿತು. 1997ರಲ್ಲಿ ನೌಕ್ರಿ ಡಾಟ್ ಕಾಮ್ ಶುರುವಾಯಿತು. ಕೆಲಸದ ಜಾಹೀರಾತು ಮೊದಲು ಹೋಯಿತು, ಆಮೇಲೆ ಬಾಡಿಗೆ ಮನೆ, ಮದುವೆ, ಹಳೇ ಕಾರು. ಬೆಲೆ ಏರಿಸೋಣವೆಂದರೆ ಪಕ್ಕದ ಪೇಪರ್ ಅಗ್ಗ. ಉಳಿದ ದಾರಿ ಒಂದೇ, ಪುಟ ಕಡಿಮೆ ಮಾಡುವುದು. ಒಂದು ಹಾಳೆ ಕಡಿಮೆ ಮಾಡಿದರೆ ನಾಲ್ಕು ಪುಟ ಹೋದಂತೆ. ಜಿಲ್ಲೆಯ ಸುದ್ದಿ, ಪುಸ್ತಕ ವಿಮರ್ಶೆ, ವಿಜ್ಞಾನ ಇಂಥವಕ್ಕೇ ಮೊದಲು ಕತ್ತರಿ ಬೀಳುತ್ತದೆ.

ಕಾಗದದ ಮಾತು ಬಂದಾಗ ಭದ್ರಾವತಿಯನ್ನು ನೆನೆಯದೆ ಮುಂದೆ ಹೋಗಲಾಗದು. ಅಲ್ಲಿನ ಮೈಸೂರು ಕಾಗದ ಕಾರ್ಖಾನೆ 1936ರಲ್ಲಿ ಹುಟ್ಟಿದ್ದು. 1980ರ ದಶಕದಿಂದ ಪತ್ರಿಕಾ ಕಾಗದವನ್ನೂ ಮಾಡುತ್ತಿತ್ತು. 2015ರ ಹೊತ್ತಿಗೆ ಉತ್ಪಾದನೆ ನಿಂತಿತು. ನಮ್ಮ ರಾಜ್ಯದ ಕಾಗದದ ಮೇಲೆ ನಮ್ಮ ರಾಜ್ಯದ ಸುದ್ದಿ ಅಚ್ಚಾಗುತ್ತಿದ್ದ ಕಾಲ ಮುಗಿದದ್ದು ದೊಡ್ಡ ನಷ್ಟ. ಈಗ ದೊಡ್ಡ ಪತ್ರಿಕೆಗಳ ಕಾಗದದಲ್ಲಿ ಬಹುಪಾಲು ಹಡಗಿನಲ್ಲಿ ಬರಬೇಕು. 2019ರ ಜುಲೈ ಬಜೆಟ್ಟಿನಲ್ಲಿ ಆಮದು ಕಾಗದಕ್ಕೆ ಶೇ 10 ಸುಂಕ ಬಿತ್ತು, ಮರುವರ್ಷ ಶೇ 5ಕ್ಕೆ ಇಳಿಯಿತು. ಉಕ್ರೇನ್ ಯುದ್ಧದ ಹೊತ್ತಿಗೆ ಕಾಗದ ಮತ್ತೆ ತುಟ್ಟಿಯಾಯಿತು. ಇದರ ನಡುವೆ 2020ರ ಲಾಕ್‌ಡೌನ್. ಪೇಪರಿನಿಂದ ಸೋಂಕು ಬರಬಹುದೆಂಬ ಭಯಕ್ಕೆ ಅಪಾರ್ಟ್‌ಮೆಂಟುಗಳು ಹಂಚುವವರನ್ನು ಗೇಟಿನಲ್ಲೇ ತಡೆದವು. ಆಗ ಪೇಪರ್ ಬಿಟ್ಟ ಎಷ್ಟೋ ಮನೆಯವರು ಮತ್ತೆ ಹಾಕಿಸಲೇ ಇಲ್ಲ.

ಇಷ್ಟಾದರೂ ಹೆರಾಲ್ಡ್ ದಿನಾ ಬರುತ್ತಿದೆ ಎಂಬುದನ್ನು ಸಣ್ಣ ಮಾತು ಎಂದುಕೊಳ್ಳಬಾರದು. ಊರಿನ ಬೇರೆ ಇಂಗ್ಲಿಷ್ ಪೇಪರುಗಳನ್ನೇ ನೋಡಿ: ವಿಜಯ್ ಟೈಮ್ಸ್ 2006ರಲ್ಲಿ ಟೈಮ್ಸ್ ಸಮೂಹದ ಕೈಸೇರಿ ಮರುವರ್ಷ ಬೆಂಗಳೂರು ಮಿರರ್ ಆಯಿತು. ಮಿಡ್ ಡೇಯ ಬೆಂಗಳೂರು ಆವೃತ್ತಿ 2011ರಲ್ಲಿ ನಿಂತಿತು. 2008ರಲ್ಲಿ ಅಬ್ಬರದಿಂದ ಬಂದ ಎರಡರಲ್ಲಿ ಡಿಎನ್‌ಎ 2014ರಲ್ಲಿ ಊರು ಬಿಟ್ಟಿತು, ಡೆಕ್ಕನ್ ಕ್ರಾನಿಕಲ್ 2019ರಲ್ಲಿ. ಏಷ್ಯಾದ ಬೇರೆ ಊರುಗಳಲ್ಲೂ ಇದೇ ಪಾಡು. ಬ್ಯಾಂಕಾಕಿನಲ್ಲಿ ಥಾಯ್ ಪತ್ರಕರ್ತರೇ 1971ರಲ್ಲಿ ಕಟ್ಟಿದ ದಿ ನೇಷನ್ 2019ರ ಜೂನ್ 28ರಂದು ಕೊನೆಯ ಮುದ್ರಿತ ಸಂಚಿಕೆ ತಂದಿತು. ಆ ಊರಿನಲ್ಲಿ ಇಂಗ್ಲಿಷ್ ಓದುವವರು ಮೊದಲೇ ಬೆರಳೆಣಿಕೆ. ಬೆಂಗಳೂರಿನಲ್ಲಿ ಇಂಗ್ಲಿಷ್ ಓದುವವರು ವರ್ಷ ವರ್ಷ ಹೆಚ್ಚುತ್ತಲೇ ಇದ್ದಾರೆ, ಪೇಪರ್ ಹಾಕಿಸುವವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಇಲ್ಲಿನ ಕಷ್ಟದ ಬಗೆಯೇ ಬೇರೆ.

ಸರಿ, ಪ್ರತಿ ಕೈಗೆ ಬಂತು. ಎಲ್ಲಿಂದ ಓದುವುದು? ನನ್ನ ಮಟ್ಟಿಗೆ ಸಂಪಾದಕೀಯ ಪುಟದಿಂದ. ಅಲ್ಲಿನ ರೈಟ್ ಇನ್ ದಿ ಮಿಡಲ್ ಎಂಬ ಪುಟ್ಟ ಬರಹ ಈ ಪತ್ರಿಕೆಯ ನಿಜವಾದ ಆಸ್ತಿ. ಹೆಚ್ಚೆಂದರೆ ಅರ್ಧ ಕಾಲಂ. ಬರೆಯುವವರಲ್ಲಿ ನಿವೃತ್ತ ಅಧಿಕಾರಿಗಳಿದ್ದಾರೆ, ಮೇಷ್ಟ್ರುಗಳಿದ್ದಾರೆ, ಗೃಹಿಣಿಯರಿದ್ದಾರೆ, ಕಾಲೇಜು ಹುಡುಗರಿದ್ದಾರೆ. ವಿಷಯ ಹಳೇ ರೇಡಿಯೊ ಆಗಬಹುದು, ಮನೆ ಎದುರಿನ ಹೊಂಗೆಮರ ಆಗಬಹುದು, ಬಸ್ಸಿನಲ್ಲಿ ಚಿಲ್ಲರೆ ಕೇಳಿದ ಕಂಡಕ್ಟರ್ ಆಗಬಹುದು. ಈ ಊರಿನವರು ಇಂಗ್ಲಿಷನ್ನು ತಮ್ಮದೇ ಮಾತಿನ ಲಯಕ್ಕೆ ಬಗ್ಗಿಸಿಕೊಂಡದ್ದು ಹೇಗೆ ಎಂಬುದು ಆ ಅರ್ಧ ಕಾಲಮಿನಲ್ಲಿ ಕಾಣುತ್ತದೆ. ಹೈಸ್ಕೂಲು ಮಕ್ಕಳಿಗೆ ದಿನಕ್ಕೊಂದು ಓದಿಸಿ, ಗೊತ್ತಿಲ್ಲದ ಮೂರು ಪದಕ್ಕೆ ಗೆರೆ ಎಳೆಸಿ, ಅದೇ ವಿಷಯವನ್ನು ಕನ್ನಡದಲ್ಲಿ ಐದು ಸಾಲು ಬರೆಸಿ. ಒಂದು ವರ್ಷ ಬಿಡದೆ ಮಾಡಿಸಿದರೆ ಎರಡು ಭಾಷೆಯೂ ಹಿಡಿತಕ್ಕೆ ಬರುತ್ತದೆ. ಇಂಥ ಮಿಡಲ್ ಬರೆದು ಕಳಿಸಬೇಕೆನ್ನುವವರು ಒಂದೇ ಅನುಭವ ಹಿಡಿಯಿರಿ, ಉಪದೇಶ ಬೇಡ, ಕೊನೆಯ ಸಾಲನ್ನು ಎಳೆಯಬೇಡಿ. ತಿಂಗಳ ಕಾಲ ಪ್ರಕಟವಾದದ್ದನ್ನು ಓದಿ ಉದ್ದವನ್ನು ಎಣಿಸಿಕೊಂಡು ಬರೆಯಿರಿ. ಪಕ್ಕದಲ್ಲೇ ಓಯಸಿಸ್ ಎಂಬ ಅಧ್ಯಾತ್ಮದ ಅಂಕಣವಿದೆ, ಅದಕ್ಕೂ ಕಾಯುವ ಓದುಗರಿದ್ದಾರೆ. ಕರ್ನಾಟಕದ ಕಲೆ, ಊರುಕೇರಿ, ಪರಿಸರದ ಬಗ್ಗೆ ಸ್ಪೆಕ್ಟ್ರಮ್ ಹೆಸರಿನಲ್ಲಿ ಬರುವ ಲೇಖನಗಳನ್ನು ಕತ್ತರಿಸಿ ಇಡುವಷ್ಟು ಚೆನ್ನಾಗಿ ಬರೆಸುತ್ತಾರೆ. ಮೆಟ್ರೊಲೈಫ್ ಊರಿನ ಹೋಟೆಲು, ನಾಟಕ, ಸಿನಿಮಾಕ್ಕೆ. ದೇಶ ವಿದೇಶದ ಪುಟಗಳನ್ನು ತಲೆಬರಹ ಓದಿ ದಾಟಿದರೆ ನಷ್ಟವೇನಿಲ್ಲ.

ಕತ್ತರಿಸಿ ಇಡುವವರಿಗೆ ಒಂದು ಎಚ್ಚರಿಕೆ. ಪತ್ರಿಕಾ ಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುತ್ತದೆ, ಬೆಳಕು ತಾಗಿದರೆ ವಾರದೊಳಗೆ ಹಳದಿಯಾಗುತ್ತದೆ. ಅದೇ ದಿನ ಸ್ಕ್ಯಾನ್ ಮಾಡಿಬಿಡಿ, ತಾರೀಖು ಕಾಣುವಂತೆ ಪುಟದ ಮೇಲಂಚನ್ನೂ ಸೇರಿಸಿ. ಕೈಗೆ ಮಸಿ ಹತ್ತುವುದು ದೋಷವಲ್ಲ. ಪೇಪರಿನ ಮಸಿ ಎಣ್ಣೆಯ ಮಸಿ, ಬಿಸಿ ಕೊಟ್ಟು ಒಣಗಿಸುವುದಿಲ್ಲ, ಕಾಗದವೇ ಹೀರಿಕೊಳ್ಳಬೇಕು. ಹಾಗಾಗಿ ಬೆಳಗಿನ ಜಾವದ ಪ್ರತಿಯಲ್ಲಿ ಹೆಚ್ಚು ಹತ್ತುತ್ತದೆ, ಸಂಜೆಗೆ ಕಡಿಮೆ. ಬಿಸಿ ಬೋಂಡಾದ ಎಣ್ಣೆ ಇಳಿಸಲು ಹಳೇ ಪೇಪರ್ ಹಾಸುವುದು ಇದೇ ಕಾರಣಕ್ಕೆ ತಪ್ಪು. ಆಹಾರ ಸುರಕ್ಷತಾ ಪ್ರಾಧಿಕಾರವೂ ಬೇಡವೆಂದು ಹೇಳಿದೆ. ಚಿತ್ರದಲ್ಲಿ ಮುಖಕ್ಕೆ ಎರಡೆರಡು ಅಂಚು ಕಂಡರೆ ಪುಟದ ಕೆಳಗಿನ ನಾಲ್ಕು ಬಣ್ಣದ ಚುಕ್ಕೆಗಳನ್ನು ನೋಡಿ. ನೀಲಿ, ಗುಲಾಬಿ, ಹಳದಿ, ಕಪ್ಪು ಸಾಲಾಗಿರಬೇಕು. ಒಂದು ಚುಕ್ಕೆ ಪಕ್ಕಕ್ಕೆ ಸರಿದಿದ್ದರೆ ಯಂತ್ರದಲ್ಲಿ ಕಾಗದದ ಬಿಗಿ ಹೆಚ್ಚು ಕಡಿಮೆಯಾಗಿದೆ ಎಂದರ್ಥ. ಪ್ಲೇಟು ಬದಲಿಸಿದ ಮೇಲಿನ ಮೊದಲ ಕೆಲವು ಪ್ರತಿಗಳಲ್ಲಿ ಹೀಗಾಗುತ್ತದೆ. ವಾರವಿಡೀ ಹಾಗೇ ಬಂದರೆ ಮಾತ್ರ ದೂರು ಕೊಡಿ.

ಸುದ್ದಿಯಲ್ಲೇ ತಪ್ಪಿದ್ದರೆ ದಾರಿ ಬೇರೆ. ಪೇಪರಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಮುದ್ರಣದ ಸ್ಥಳ, ಸಂಪಾದಕರ ಹೆಸರು ಇರುತ್ತದೆ. ಮೊದಲು ಸಂಪಾದಕರಿಗೆ ಬರೆಯಬೇಕು: ತಾರೀಖು, ಪುಟ, ತಪ್ಪಾದ ಸಾಲು, ಸರಿಯಾದ ಮಾಹಿತಿ, ಅದಕ್ಕೆ ದಾಖಲೆ. ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿ ಇದೆ. ದಿನಪತ್ರಿಕೆಯ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು. ಸಂಪಾದಕರಿಗೆ ಬರೆದ ಪತ್ರದ ಪ್ರತಿ ಇಲ್ಲದೆ ಹೋದರೆ ಮೊದಲು ಅದನ್ನೇ ಕೇಳುತ್ತಾರೆ.

ಇನ್ನು ಮನೆಗೆ ಮುಟ್ಟುವ ವಿಚಾರ. ಪೇಪರ್ ಎಷ್ಟೇ ಚೆನ್ನಾಗಿದ್ದರೂ ಅನುಭವ ಹಾಳಾಗುವುದು ಕೊನೆಯ ಎರಡು ಕಿಲೋಮೀಟರಿನಲ್ಲಿ. ಬೆಳಗಿನ ಜಾವ ಬಂಡಲುಗಳು ಬಡಾವಣೆಯ ಸರ್ಕಲ್ಲಿಗೋ ಬಸ್ ನಿಲ್ದಾಣದ ಎದುರಿಗೋ ಬಂದು ಬೀಳುತ್ತವೆ. ಪುರವಣಿ ಮೊದಲೇ ಅಚ್ಚಾಗಿ ಬೇರೆ ಬಂಡಲಿನಲ್ಲಿ ಬಂದಿರುತ್ತದೆ. ಹಂಚುವ ಹುಡುಗರು ಫುಟ್‌ಪಾತಿನ ಮೇಲೆ ಕೂತು, ಒಂದೊಂದೇ ಪ್ರತಿಯೊಳಗೆ ಪುರವಣಿ ಸೇರಿಸಿ, ಅದರ ಜೊತೆ ಜಾಹೀರಾತಿನ ಚೀಟಿ ಇಟ್ಟು, ಮಡಚಿ ಸೈಕಲ್ಲಿಗೆ ಏರಿಸುತ್ತಾರೆ. ಆದ್ದರಿಂದ ಪುರವಣಿ ಬಂದಿಲ್ಲವೆಂದರೆ ತಪ್ಪು ಅಲ್ಲಿ ಆಗಿರುತ್ತದೆ, ಮುದ್ರಣಾಲಯದಲ್ಲಲ್ಲ. ಪತ್ರಿಕೆಯ ಕಚೇರಿಗೆ ಫೋನ್ ಮಾಡುವುದಕ್ಕಿಂತ ಏಜೆಂಟರಿಗೆ ಅವತ್ತೇ ಒಂದು ಮೆಸೇಜು ಹಾಕಿದರೆ ಮಿಕ್ಕ ಪ್ರತಿಯಿಂದ ತೆಗೆದು ಕೊಡುತ್ತಾರೆ. ಮಾರನೇ ದಿನ ಕೇಳಿದರೆ ಸಿಗುವುದಿಲ್ಲ, ಉಳಿದದ್ದು ರದ್ದಿಗೆ ಹೋಗಿರುತ್ತದೆ. ಮನೆ ಊರಂಚಿನಲ್ಲಿದ್ದರೆ ಬೇಗ ಅಚ್ಚಾದ ಆವೃತ್ತಿ ಬರಬಹುದು, ತಡರಾತ್ರಿಯ ಫಲಿತಾಂಶ ಅದರಲ್ಲಿ ಇರದು.

ಮಳೆಗಾಲದಲ್ಲಿ, ಅದರಲ್ಲೂ ಆಗಸ್ಟಿನಿಂದ ಅಕ್ಟೋಬರಿನವರೆಗೆ, ಗೇಟಿನ ಮೇಲಿಂದ ಎಸೆದ ಪೇಪರು ಮುದ್ದೆಯಾಗುತ್ತದೆ. ಗೇಟಿನ ಒಳಬದಿಗೆ ಪೇಪರ್ ಪೂರ್ತಿ ಹಿಡಿಯುವಷ್ಟು ಉದ್ದದ ಪಿವಿಸಿ ಪೈಪಿನ ತುಂಡನ್ನು ಸ್ವಲ್ಪ ಓರೆಯಾಗಿ ಕಟ್ಟಿದರೆ ಸುತ್ತಿದ ಪೇಪರ್ ಅದರಲ್ಲಿ ಕೂರುತ್ತದೆ, ನೀರು ನಿಲ್ಲುವುದಿಲ್ಲ. ನಾಲ್ಕಿಂಚಿನ ಪೈಪು ಸಾಕು. ಬೆಳಗಾಗುವ ಮೊದಲೇ ಐವತ್ತು ಅರವತ್ತು ಮನೆ ಸುತ್ತುವ ಹುಡುಗನಿಗೆ ಪ್ರತಿ ಗೇಟಿನಲ್ಲೂ ಇಳಿದು ಒಳಗಿಡಿ ಎಂದರೆ ಆಗದ ಮಾತು, ಪೈಪಿದ್ದರೆ ಸೈಕಲ್ಲಿನಿಂದಲೇ ಸಿಕ್ಕಿಸುತ್ತಾನೆ. ಯುಗಾದಿ, ದೀಪಾವಳಿಗೆ ಅವನ ಕೈಗೇ ಏನಾದರೂ ಕೊಡಿ, ಬಿಲ್ಲಿನಲ್ಲಿ ಸೇರಿಸಬೇಡಿ.

ಬಿಲ್ಲನ್ನು ಹೀಗೆ ತಾಳೆ ನೋಡಬೇಕು: ವಾರದ ದಿನದ ಬೆಲೆ, ವಾರಾಂತ್ಯದ ಬೆಲೆ ಬೇರೆ ಬೇರೆ, ಆ ತಿಂಗಳಲ್ಲಿ ಎಷ್ಟು ಶನಿವಾರ, ಭಾನುವಾರ ಬಂತು ಎಣಿಸಿ. ಕೆಲವು ಹಬ್ಬ, ರಜೆಗಳ ಮಾರನೇ ದಿನ ಪೇಪರೇ ಇರುವುದಿಲ್ಲ, ಆ ದಿನ ಕಳೆಯಬೇಕು. ಮನೆಗೆ ತಲುಪಿಸುವ ಶುಲ್ಕ ಪ್ರತ್ಯೇಕ, ಅದನ್ನು ಮೊದಲ ತಿಂಗಳೇ ಮಾತಾಡಿಕೊಳ್ಳಿ. ಊರಿಗೆ ಹೋಗುವುದಾದರೆ ಎರಡು ದಿನ ಮೊದಲೇ ತಿಳಿಸಿ, ಯಾಕೆಂದರೆ ನಾಳೆಗೆ ಎಷ್ಟು ಪ್ರತಿ ಎಂದು ಏಜೆಂಟರು ಇವತ್ತೇ ಹೇಳಬೇಕಾಗುತ್ತದೆ. ಪೂರ್ತಿ ವರ್ಷಕ್ಕೆ ಒಮ್ಮೆಲೇ ಕಟ್ಟುವ ಯೋಜನೆಗಳಲ್ಲಿ ಉಳಿತಾಯ ನಿಜ. ಆದರೆ ಬಾಡಿಗೆ ಮನೆಯವರು ಕಟ್ಟುವ ಮುಂಚೆ ಬಡಾವಣೆ ಬದಲಾದರೆ ಚಂದಾ ಹೊಸ ವಿಳಾಸಕ್ಕೆ ಹೋಗುತ್ತದೆಯೇ, ಎಷ್ಟು ದಿನ ಹಿಡಿಯುತ್ತದೆ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ತಿಂಗಳ ರದ್ದಿ ಎರಡೂವರೆ ಕಿಲೋ ಬರುತ್ತದೆ. ಕಿಲೋಗೆ 12 ರೂಪಾಯಿ ಸಿಕ್ಕರೂ 30 ರೂಪಾಯಿ ವಾಪಸ್.

ಪೇಪರಿನ ಇನ್ನೊಂದು ಸೇವೆ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಹೆಸರು ಬದಲಾವಣೆ, ಕಳೆದುಹೋದ ದಾಖಲೆ, ಆಸ್ತಿ ಕೊಳ್ಳುವ ಮುಂಚಿನ ಸಾರ್ವಜನಿಕ ಪ್ರಕಟಣೆ ಇವಕ್ಕೆ ಸಾಮಾನ್ಯವಾಗಿ ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಜಾಹೀರಾತು ಕೇಳುತ್ತಾರೆ. ಬ್ಯಾಂಕುಗಳು ಆಸ್ತಿ ಸ್ವಾಧೀನದ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ, ಅದರಲ್ಲೊಂದು ಸ್ಥಳೀಯ ಭಾಷೆಯದು, ಪ್ರಕಟಿಸಬೇಕೆಂಬ ನಿಯಮವೂ ಇದೆ. ಹೆರಾಲ್ಡ್ ಮತ್ತು ಪ್ರಜಾವಾಣಿ ಒಂದೇ ಸಂಸ್ಥೆಯವು, ಆದ್ದರಿಂದ ಎರಡಕ್ಕೂ ಒಟ್ಟಿಗೇ ಕೊಡಬಹುದು. ನೋಟರಿ ಮಾಡಿಸಿದ ಅಫಿಡವಿಟ್ಟಿನಲ್ಲಿ ಹೆಸರಿನ ಅಕ್ಷರಗಳು ಹೇಗಿವೆಯೋ ಜಾಹೀರಾತಿನಲ್ಲೂ ಹಾಗೇ ಇರಬೇಕು. ಒಂದು ಇನಿಷಿಯಲ್ ಹೆಚ್ಚು ಕಡಿಮೆಯಾದರೂ ಮತ್ತೆ ಹಾಕಿಸಬೇಕಾಗುತ್ತದೆ. ಕನ್ನಡದ ಕರಡನ್ನು ನೀವೇ ಬರೆದುಕೊಡಿ, ಕೌಂಟರಿನಲ್ಲಿ ಅನುವಾದ ಮಾಡಿಸಿದಾಗಲೇ ಕಾಗುಣಿತ ತಪ್ಪುವುದು. ಯಾವ ಊರಿನ ಆವೃತ್ತಿ ಎಂದು ರಸೀದಿಯಲ್ಲಿ ನೋಡಿಕೊಳ್ಳಿ. ಬೆಂಗಳೂರಿನ ಆಸ್ತಿಗೆ ಹುಬ್ಬಳ್ಳಿ ಆವೃತ್ತಿಯಲ್ಲಿ ಬಂದರೆ ಪ್ರಯೋಜನವಿಲ್ಲ. ಪ್ರಕಟವಾದ ದಿನ ನಾಲ್ಕು ಪ್ರತಿ ಕೊಂಡು ಇಡೀ ಪುಟವನ್ನೇ ಇಟ್ಟುಕೊಳ್ಳಿ, ಬರೀ ತುಣುಕು ಕತ್ತರಿಸಿದರೆ ತಾರೀಖಿಗೆ ಸಾಕ್ಷಿ ಇರುವುದಿಲ್ಲ.

ಬೇರೆ ಪೇಪರುಗಳ ಜೊತೆ ಹೋಲಿಸಿದರೆ ಟೈಮ್ಸಿನಲ್ಲಿ ಪುಟ ಹೆಚ್ಚು, ಜಾಹೀರಾತೂ ಹೆಚ್ಚು, ನಗರದ ಅಪರಾಧ ಮತ್ತು ಸಂಚಾರದ ಸುದ್ದಿ ಚುರುಕು. ಐಎಎಸ್, ಕೆಎಎಸ್ ಪರೀಕ್ಷೆಗೆ ಓದುವವರಿಗೆ ದಿ ಹಿಂದೂ. ವಿಜಯನಗರದ ಕೋಚಿಂಗ್ ಕೇಂದ್ರಗಳ ಸುತ್ತ ಅದನ್ನೇ ಕೇಳುತ್ತಾರೆ. ಮಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿಯ ಸುದ್ದಿ ಇಂಗ್ಲಿಷಿನಲ್ಲಿ ದಿನಾ ಬೇಕು ಅನ್ನುವವರಿಗೆ ಹೆರಾಲ್ಡಿನಷ್ಟು ಕೊಡುವ ಪೇಪರ್ ಇನ್ನೊಂದಿಲ್ಲ. ಮನೆಯಲ್ಲಿ ಪ್ರಜಾವಾಣಿ ಈಗಾಗಲೇ ಬರುತ್ತಿದ್ದರೆ ರಾಜ್ಯದ ಸುದ್ದಿ ಎರಡು ಸಲ ಓದಿದಂತಾಗಬಹುದು. ಅಂಥವರು ವಾರದ ಐದು ದಿನ ಕನ್ನಡ ಪೇಪರ್, ಶನಿವಾರ, ಭಾನುವಾರ ಹೆರಾಲ್ಡ್ ಎಂದು ಏಜೆಂಟರಿಗೆ ಹೇಳಿ ನೋಡಿ. ಹಾಗೆ ಹಾಕಲು ಒಪ್ಪುವವರು ಇದ್ದಾರೆ, ತಿಂಗಳ ಒಂದನೇ ತಾರೀಖಿನಿಂದ ಶುರುಮಾಡಿದರೆ ಬಿಲ್ಲಿನ ಗೊಂದಲವೂ ಇರುವುದಿಲ್ಲ.